ಬೆಂಕಿ ಹಚ್ಚಿದ ಫ್ರಿಜ್ಜೂ ನೂರು ಮೊಳ ಮಲ್ಲಿಗೆಯೂ

ಫ್ರಿಜ್ ಎಂದರೆ ತಣ್ಣಗಿರಬೇಕು, ಹೆಂಡತಿ ಎಂದರೆ... ಇರಲಿ, ಆ ವಾಕ್ಯವನ್ನು ನಾನು ಪೂರ್ತಿ ಮಾಡುವುದಿಲ್ಲ. ಸುಷ್ಮಾ ಇದನ್ನು ಓದುತ್ತಾಳೆ. ಸದ್ಯಕ್ಕೆ ನನ್ನ ತಕರಾರು ಫ್ರಿಜ್ಜಿನ ಮೇಲೆ ಮಾತ್ರ.

ಅಪ್ಸರಕೊಂಡಕ್ಕೆ ಬರುವ ಪ್ರವಾಸಿಗರಿಗೆ ಬಾಡಿಗೆಗೆ ಕೊಡೋಣವೆಂದು ನಾನೊಂದು ಹಳೆಯ ಕ್ಯಾರವಾನ್ ಕೊಂಡಿದ್ದೇನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಗಾಡಿ. (ಸುಷ್ಮಾ ಅದನ್ನು ‘ನಿಮ್ಮ ಎರಡನೇ ಸಂಸಾರ’ ಎನ್ನುತ್ತಾಳೆ.) ಅದರ ಫ್ರಿಜ್ ಗ್ಯಾಸಿನ ಮೇಲೆ ನಡೆಯುತ್ತದೆ. ಹಿಂದುಗಡೆ ಸಣ್ಣ ಜ್ವಾಲೆ ಉರಿಯುತ್ತದೆ, ಆ ಬಿಸಿಗೆ ಕೊಳವೆಯೊಳಗಿನ ಅಮೋನಿಯಾ ಹರಿದಾಡುತ್ತದೆ, ಮುಂದುಗಡೆ ತಂಪಾಗುತ್ತದೆ. ಬೆಂಕಿ ಹಚ್ಚಿ ತಂಪು ಮಾಡುವ ಈ ಮಹಾವಿದ್ಯೆಯನ್ನು ನಾನು ನಮ್ಮೂರು ಹಳದೀಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕೇಳದಿದ್ದರೂ ವಿವರಿಸುತ್ತೇನೆ.

ಕುಮಟಾದಲ್ಲಿ ಸುಷ್ಮಾಳ ಅಕ್ಕ ಸುಬ್ಬಲಕ್ಷ್ಮಿಯ ಮಗಳು ಪ್ರಣಿತಾಳ ಮದುವೆ. ಮೇ ತಿಂಗಳ ಸೆಖೆಯಲ್ಲಿ ಹೂ ಬಾಡುತ್ತದಲ್ಲ ಎಂದು ಅತ್ತಿಗೆ ಚಿಂತೆ ಮಾಡುತ್ತಿದ್ದಾಗ, ಇಪ್ಪತ್ತು ಜನರ ಎದುರು ನಾನು ಎದ್ದು ನಿಂತು, “ನೂರು ಮೊಳ ಭಟ್ಕಳ ಮಲ್ಲಿಗೆ, ಮೊಗ್ಗು ಮೊಗ್ಗಾಗೇ ತಂದು ಕೊಡೂದು ನನ್ನ ಜವಾಬ್ದಾರಿ” ಎಂದುಬಿಟ್ಟೆ. ಮನೆಯ ಫ್ರಿಜ್ಜಿನಲ್ಲಿ ಇಟ್ಟರೆ ಮದುಮಗಳ ತಲೆ ಬಂಗಡೆ ಮೀನಿನ ವಾಸನೆ ಹೊಡೆಯುತ್ತದೆ. ಕ್ಯಾರವಾನಿನ ಫ್ರಿಜ್ ಪರಮ ಪರಿಶುದ್ಧ.

ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ಬೈಕಿನಲ್ಲಿ ಭಟ್ಕಳಕ್ಕೆ ಹೋಗಿ ಹೂ ತಂದು, ಅಂಗಳದಲ್ಲಿದ್ದ ಗಾಡಿಯ ಫ್ರಿಜ್ಜಿನಲ್ಲಿಟ್ಟೆ. ಹನ್ನೊಂದಕ್ಕೆ ಸುಷ್ಮಾ ಬಾಗಿಲು ತೆಗೆದು ಕೈ ಒಳಗಿಟ್ಟು ನನ್ನನ್ನು ಕೂಗಿದಳು.

“ಇದು ಫ್ರಿಜ್ಜೋ, ಬಾಳೆಕಾಯಿ ಹಣ್ಣು ಮಾಡೂ ಪೆಟ್ಟಿಗೆಯೋ?”

ನಾನೂ ಕೈಯಿಟ್ಟೆ. ಬೆಚ್ಚಗಿತ್ತು. ಸಂಜೆ ಹೂ ಬಾಡಿಸಿಕೊಂಡು ಕುಮಟಾಕ್ಕೆ ಹೋದರೆ ಆ ಇಪ್ಪತ್ತು ಜನರಿಗೆ ಮುಖ ತೋರಿಸುವುದು ಹೇಗೆ? ಇದನ್ನು ತಣ್ಣಗೆ ಮಾಡದೆ ಅನ್ನ ಮುಟ್ಟುವುದಿಲ್ಲ ಎಂದು ಭೀಷಣ ಪ್ರತಿಜ್ಞೆ ಮಾಡಿ, ಜ್ವಾಲೆ ಇದೆಯೋ ನೋಡೋಣವೆಂದು ಕಡ್ಡಿಪೆಟ್ಟಿಗೆ ಹಿಡಿದು ಹಿಂದಕ್ಕೆ ಹೊರಟೆ. ಸುಷ್ಮಾ ಪೆಟ್ಟಿಗೆ ಕಿತ್ತುಕೊಂಡಳು.

“ಗ್ಯಾಸ್ ಹೊರಗೆ ಬಂದಿದ್ರೆ? ನಾವು ಹೋಗೂದು ಮದುವೆಗೆ, ನಿಮ್ಮ ಹನ್ನೊಂದನೇ ದಿನಕ್ಕಲ್ಲ. ಬೊಮ್ಮಯ್ಯಂಗೆ ಫೋನ್ ಮಾಡಿ!”

ಬೊಮ್ಮಯ್ಯ ಹೊನ್ನಾವರದ ಫ್ರಿಜ್ ರಿಪೇರಿಯವನು. ನಾನು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಮಾತಾಡಿದೆ. “ಹಿಂದಿನ ಪೈಪ್ ಬಿಚ್ಚಿ ಒಂದ್ಸಲ ಊದಿ ನೋಡ್ಲಾ ಮಾರಾಯ?”

“ಊದ್ಬೇಡಿ, ಮುಟ್ಟೂದೇ ಬೇಡ! ಒಳಗಿರೂದು ಅಮೋನಿಯಾ. ನೀವು ಪೈಪ್ ಬಿಚ್ಚಿದ್ರೆ ನಾನು ಬರೂದಿಲ್ಲ, ಆಂಬುಲೆನ್ಸೇ ಬರೂದು. ಈಗ ಹೇಳಿ, ಮೂಗಿಗೆ ಹೊಡಿಯೂ ಘಾಟು ಇದ್ಯಾ? ಹಿಂದೆ ಹಳದಿ ಪುಡಿ ಕಾಣ್ತದಾ?”

“ಇಲ್ಲ.”

“ಇದ್ರೆ ಎಲ್ಲಾ ಬಂದ್ ಮಾಡಿ ದೂರ ಹೋಗಿ ಹೇಳ್ತಿದ್ದೆ. ಗ್ಯಾಸ್ ವಾಸನೆ?”

“ಇಲ್ಲ.”

“ಬೆಂಕಿ ನೀಲಿ ಇದ್ಯಾ? ಗಾಡಿ ಹೊರಗಿನ ಗಾಳಿ ಕಿಂಡಿಗೆ ಎಂತಾರೂ ಅಡ್ಡ ಇದ್ಯಾ?”

ಇಣುಕಿ ನೋಡಿದೆ. ಬೆಂಕಿ ನೀಲಿ. ಕಿಂಡಿ ಸ್ವಚ್ಛ, ಒಂದು ಜೇಡರ ಬಲೆಯೂ ಇಲ್ಲ. ಪರೀಕ್ಷೆಯಲ್ಲಿ ಇಷ್ಟು ಸರಿ ಉತ್ತರ ನಾನು ಶಾಲೆಯಲ್ಲೂ ಕೊಟ್ಟಿರಲಿಲ್ಲ.

“ಹಂಗಾರೆ ಕಡೇ ಪ್ರಶ್ನೆ. ಗಾಡಿ ಮಟ್ಟ ಇದ್ಯಾ?”

ಇಲ್ಲಿ ನಾನು ಎದೆಯುಬ್ಬಿಸಿದೆ. ಕರಾವಳಿಯವರು ಯಾವುದನ್ನೂ ಮಟ್ಟ ಇಡುವುದಿಲ್ಲ. ಮಟ್ಟ ಇಟ್ಟರೆ ಮಳೆನೀರು ನಿಲ್ಲುತ್ತದೆ. ಮಾಡು ಇಳಿಜಾರು, ಅಂಗಳ ಇಳಿಜಾರು, ನಮ್ಮಪ್ಪ ಜಗಲಿಯ ಬೆಂಚನ್ನೂ ಒಂದು ಬೆರಳು ವಾಲಿಸಿಯೇ ಇಡುತ್ತಿದ್ದರು. ಎರಡು ದಿನದ ಹಿಂದೆ ಆಕಾಶ ಕಪ್ಪಾದಾಗ ನಾನೂ ಕುಲಧರ್ಮ ಬಿಡದೆ ಎಡಗಡೆಯ ಎರಡೂ ಚಕ್ರಗಳನ್ನು ಚಿರೇಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದ್ದೆ. “ಒಂದು ಹನಿ ನೀರೂ ತಲೆ ಮೇಲೆ ನಿಲ್ಲೂದಿಲ್ಲ ಬೊಮ್ಮಯ್ಯ, ಅಷ್ಟು ಚೆಂದ ಓರೆ ಕೊಟ್ಟಿದ್ದೆ!”



“ರಮಾನಂದಣ್ಣ, ಆ ಫ್ರಿಜ್ಜಲ್ಲಿ ಮೋಟರ್ ಇಲ್ಲ, ಪಂಪ್ ಇಲ್ಲ. ಒಳಗಿನ ಅಮೋನಿಯಾ ನೀರು ತನ್ನಷ್ಟಕ್ಕೇ ಇಳಿದು ಹೋಗ್ಬೇಕು. ಗಾಡಿ ಓರೆ ಆದ್ರೆ ಅದು ಮೂಲೇಲೇ ಕೂತು ಕುದೀತದೆ. ಹಿಂಗೇ ಬಿಟ್ರೆ ಫ್ರಿಜ್ ಕಾಯಂ ಕೆಡ್ತದೆ. ಮೊದ್ಲು ಆರಿಸಿ, ಮಟ್ಟಕ್ಕೆ ತನ್ನಿ, ಒಂದೆರಡು ತಾಸು ಹಾಗೇ ಬಿಟ್ಟು ಮತ್ತೆ ಹಚ್ಚಿ. ತಂಪಾಗೂಕೆ ಸಂಜೆ ಆಗ್ತದೆ. ಗಾಡಿ ಓಡಿಸೂ ಮುಂಚೆ ಮಾತ್ರ ಬೆಂಕಿ ಆರಿಸಿ, ಸಿಲಿಂಡರೂ ಬಂದ್ ಮಾಡ್ಬೇಕು. ಆತಾ?”

ಫೋನ್ ಸ್ಪೀಕರಿನಲ್ಲಿತ್ತು. ಸುಷ್ಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನಿಮ್ಮ ಮಟ್ಟ ನಂಗೆ ಮದುವೆ ಆದಾಗಿಂದ ಗೊತ್ತುಂಟು. ಪಾಪ, ಫ್ರಿಜ್ಜಿಗೆ ಇವತ್ತು ಗೊತ್ತಾತು” ಎಂದಳು.

ಅಷ್ಟಕ್ಕೇ ನಿಲ್ಲದೆ ಬಾಳೆಎಲೆ ಕೊಯ್ದು, ಒದ್ದೆ ಬಟ್ಟೆ ಹಾಸಿ, ನೂರು ಮೊಳವನ್ನೂ ಮಗುವಿನಂತೆ ಸುತ್ತಿ ಬುಟ್ಟಿಗಿಟ್ಟಳು.

“ಎಲ್ಲಿಗೆ?”

“ಕುಮಟಾಕ್ಕೆ. ಬಸ್ಸಲ್ಲಿ.”

“ಸಂಜೆವರೆಗೆ ತಡಿ, ತಂಪಾಗ್ತದೆ!”

“ಹೂ ತಂಪಿರೂಕೆ ಗಾಡಿ ನಿಲ್ಬೇಕು, ಮದುವೆಗೆ ಹೋಗೂಕೆ ಗಾಡಿ ಓಡ್ಬೇಕು. ನೀವಿಬ್ರೂ ಮಾತಾಡಿ ತೀರ್ಮಾನ ಮಾಡಿ ಬನ್ನಿ.”

ಅವಳು ಹೋದಳು. ನಾನು ಸೋಲಲಿಲ್ಲ. ಬೆಂಕಿ ಆರಿಸಿ, ಕಲ್ಲು ತೆಗೆದು, ಗಾಡಿಯನ್ನು ಹಿಂದೆ ಮುಂದೆ ಮಾಡಿ, ಒಂದು ತಟ್ಟೆ ನೀರು ಒಳಗಿಟ್ಟು ಅದು ಯಾವ ಕಡೆಗೂ ವಾಲದಂತೆ ಮಟ್ಟಕ್ಕೆ ತಂದೆ. ಎರಡು ತಾಸು ಕಾದು ಬೆಂಕಿ ಹಚ್ಚಿದೆ. ಸಂಜೆ ಆರರ ಹೊತ್ತಿಗೆ ಫ್ರಿಜ್ಜಿನ ಒಳಗಿನ ತಗಡಿನ ಮೇಲೆ ಮಂಜಿನ ತೆಳು ಪದರ ಕಂಡಾಗ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಒಳಗೆ ಏನೂ ಇರಲಿಲ್ಲ, ನಿಜ. ಆದರೂ ಗೆದ್ದಿದ್ದೆ. ಬೆಂಕಿ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಗಾಡಿ ಓಡಿಸಿಕೊಂಡು ಕುಮಟಾ ಸೇರಿದೆ.

ಕಲ್ಯಾಣಮಂಟಪದ ಬಾಗಿಲಲ್ಲೇ ಅತ್ತಿಗೆ ಕೈ ಮುಗಿದರು. “ಭಾವ, ಹೂವು ಈಗಷ್ಟೇ ಕೊಯ್ದಂಗೆ ಉಂಟು! ಎಲ್ಲಾ ನಿಮ್ಮ ಫ್ರಿಜ್ಜಿನ ಪುಣ್ಯ ಅಂತ ಸುಷ್ಮಾ ಹೇಳಿದ್ಲು.” ಆ ಇಪ್ಪತ್ತು ಜನರೂ ತಲೆಯಾಡಿಸಿದರು. ಸುಷ್ಮಾ ಕಂಬದ ಹಿಂದೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಬಾಳೆಎಲೆ, ಒದ್ದೆ ಬಟ್ಟೆ ಎಂದು ಹೇಳಲು ಅದು ನನಗೆ ಸಿಕ್ಕ ಕೊನೆಯ ಅವಕಾಶ. ನಾನು ಹೇಳಿದ್ದು, “ಅದೆಂತ ದೊಡ್ಡದಲ್ಲ, ಅತ್ತಿಗೆ.”

“ಹಂಗಾರೆ ಒಂದು ಉಪಕಾರ ಮಾಡಿ. ಇಲ್ಲಿನ ಫ್ರಿಜ್ ಭರ್ತಿ ಆತು. ನಾಳೆ ಪಾಯಸದ ಹಾಲು ನಿಮ್ಮಲ್ಲೇ ಇರ್ಲಿ.”

ಮಂಟಪದ ಹಿಂದಿನ ಬಯಲಲ್ಲಿ ಗಾಡಿಯನ್ನು ಮಟ್ಟಕ್ಕೆ ನಿಲ್ಲಿಸಿ ಬೆಂಕಿ ಹಚ್ಚಿದೆ. ಬೆಂಕಿ ಉರಿಯುವ ಗಾಡಿ, ಬಿಟ್ಟು ಬರುವಂತಿಲ್ಲ. ಮಕ್ಕಳು ಹತ್ತಿ ಕುಣಿದರೆ ತಟ್ಟೆಯ ನೀರು ವಾಲುತ್ತದೆ, ಅವರನ್ನು ಓಡಿಸಬೇಕು. ಹಾಲು ಬೇಕಾಗುವುದು ಧಾರೆ ಮುಗಿದ ಮೇಲೆ, ಅಲ್ಲಿಯವರೆಗೆ ನಾನೇ ಕಾವಲು.

ಮರುದಿನ ಹತ್ತೂಕಾಲಕ್ಕೆ ಒಳಗೆ ವಾದ್ಯ ಜೋರಾಯಿತು. ಸುಷ್ಮಾ ಮುಡಿ ತುಂಬ ಮಲ್ಲಿಗೆ ಮುಡಿದು ಓಡಿ ಬಂದು, ನನ್ನ ಅಂಗೈಗೆ ಒಂದಿಷ್ಟು ಅಕ್ಷತೆ ಹಾಕಿದಳು.

“ತಾಳಿ ಕಟ್ತಿದ್ರು! ಇಲ್ಲಿಂದ್ಲೇ ಹಾಕಿ!”

ನಾನು ಗಾಡಿಯ ಬಾಗಿಲಲ್ಲಿ ನಿಂತು, ಮಂಟಪದ ದಿಕ್ಕಿಗೆ, ಮನಸಾರೆ ಹರಸಿ ಎಸೆದೆ. ಕಡಲ ಕಡೆಯಿಂದ ಎದುರುಗಾಳಿ ಬೀಸಿತು. ಅಷ್ಟೂ ಅಕ್ಷತೆ ಹಿಂದಕ್ಕೆ ಹಾರಿ ಬಂದು ಫ್ರಿಜ್ಜಿನ ನೆತ್ತಿಯ ಮೇಲೆ ಬಿತ್ತು.