ಮಾಸ್ತರು ತಿದ್ದಿದ ‘ದೇ’

ಶಹಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುವ ಸಂಗಮನಾಥ ಮಾಸ್ತರಿಗೆ ಆ ಪತ್ರ ಓದಿದಾಗ ಬಂದಂಥ ಸಿಟ್ಟು ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಬಂದಿರಲಿಲ್ಲ. ಪತ್ರ ಯಾದಗಿರಿಯ ತರಬೇತಿ ಕೇಂದ್ರದ್ದು. ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರಿಗೆಲ್ಲ ಪಾಠ ಹೇಳಲು ಒಬ್ಬ ತರಬೇತುದಾರರನ್ನು ಆರಿಸಬೇಕಾಗಿದೆ, ಅದಕ್ಕಾಗಿ ಶನಿವಾರ ಅಧಿಕಾರಿಯೊಬ್ಬರು ಬರುತ್ತಾರೆ, ಮಾಸ್ತರು ಕರೆದಿದ್ದಕ್ಕೆ ಅವರ ಮನೆಯಲ್ಲೇ ಊಟ ಮಾಡುತ್ತಾರೆ ಎಂದಿತ್ತು. ಸುದ್ದಿಯೇನೋ ಸಂತೋಷದ್ದೇ. ಆ ಹುದ್ದೆಯ ಮೇಲೆ ಮಾಸ್ತರು ಹತ್ತು ವರ್ಷದಿಂದ ಕಣ್ಣಿಟ್ಟಿದ್ದರು. ಆದರೆ ಬರುವ ಒಬ್ಬ ಅಧಿಕಾರಿಗೆ ಪತ್ರದ ತುಂಬ ‘ದೇ’ ಎಂದು ಬರೆದಿದ್ದರು! ದೇ ವಿಲ್ ಅರೈವ್. ದೇ ವಿಲ್ ಹ್ಯಾವ್ ಲಂಚ್.

“ಬರಾಂವ ಒಬ್ಬ. ದೇ ಅಂದ್ರ ಏನು? ಬೀಗರ ದಿಬ್ಬಣ ಕಟಗೊಂಡು ಬರ್ತಾನೇನು?” ಎಂದು ಗುಡುಗಿ, ಕೆಂಪು ಪೆನ್ನು ತೆಗೆದು ಏಳು ಕಡೆ ‘ದೇ’ ಹೊಡೆದು ‘ಹೀ’ ಬರೆದರು. (ಸರ್ಕಾರಿ ಪತ್ರಕ್ಕೆ ಅಂಕ ಹಾಕುವ ಪದ್ಧತಿ ಇಲ್ಲವಾದ್ದರಿಂದ ಅಷ್ಟಕ್ಕೇ ಬಿಟ್ಟರು.)

ಹೆಂಡತಿ ಕಸ್ತೂರಿ ಗೋಗಿಯ ಪ್ರಾಥಮಿಕ ಶಾಲೆಯ ಟೀಚರು. ಶೇಂಗಾ ಸುಲಿಯುತ್ತಾ ಕುಳಿತಿದ್ದವಳು ಕೇಳಿದಳು: “ಬರೋರು ಗಂಡಸರೋ, ಹೆಣ್ಮಕ್ಕಳೋ?”

“ಅಧಿಕಾರಿ!”

“ಅದಕ್ಕ ಕೇಳಾಕತ್ತೇನ್ರಿ. ಹೆಣ್ಮಕ್ಕಳಾದ್ರ ಉಡಿ ತುಂಬಬೇಕು. ಒಂದು ಕುಬಸದ ಖಣ ತಂದಿಡ್ತೀನಿ.”

“ಹೀ ಅಂತ ತಿದ್ದೀನಿ, ಕಾಣಂಗಿಲ್ಲೇನು?”

“ನೀವು ತಿದ್ದಿದ ಕೂಡ್ಲೆ ಬರೋರು ಗಂಡಸರಾಗ್ತಾರೇನ್ರಿ? ಯಾರಂತ ಗೊತ್ತಿಲ್ದಾಗ ಎರಡಕ್ಕೂ ತಯಾರಿರೋದು ಚೊಲೋ.”

“ಹುಡುಗರಿಗೆ ಕ್ಯಾಟು ರ‍್ಯಾಟು ಹೇಳಾಕಿ ನನಗ ಗ್ರಾಮರ್ ಹೇಳಬ್ಯಾಡ,” ಎಂದು ಮಾಸ್ತರು ಚರ್ಚೆಗೆ ಪೂರ್ಣವಿರಾಮ ಹಾಕಿದರು. ಕಸ್ತೂರಿ ಮರುದಿನ ಖಣ ತಂದಳು. ಮಾಸ್ತರು ಸುರಪುರದಿಂದ ಜರಿ ಪೇಟ ತರಿಸಿದರು.

ಶನಿವಾರ ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿದ ಮಾಸ್ತರು ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಸೇವಂತಿಗೆ ಹಾರ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತರು. ಯಾದಗಿರಿ ಬಸ್ಸು ಬಂತು. ಮೊದಲು ಇಳಿದ ಕಾಟನ್ ಸೀರೆಯ ಹೆಣ್ಣುಮಗಳೊಬ್ಬಳು ಹಾರ ನೋಡಿ ನಕ್ಕು, ಏನೋ ಹೇಳಲು ಬಾಯಿ ತೆರೆದಳು.

“ಸ್ವಲ್ಪ ಸರೀರಿ ಅಮ್ಮಾ, ಸಾಹೇಬರು ಇಳಿಯೋ ಹೊತ್ತು. ಬಾಗಲಾಗ ನಿಂದರಬ್ಯಾಡ್ರಿ,” ಎಂದರು ಮಾಸ್ತರು.

ಆಕೆ ಸರಿದಳು. ಸಾಹೇಬರು ಇಳಿಯಲಿಲ್ಲ. ಮುಂದಿನ ಬಸ್ಸಿನಿಂದಲೂ ಇಳಿಯಲಿಲ್ಲ. ಅದರ ಮುಂದಿನದರಿಂದ ಕನ್ನಡಕದ ದಪ್ಪ ಮನುಷ್ಯನೊಬ್ಬ ಇಳಿದಾಗ ಮಾಸ್ತರು ಹಾರ ಹಾಕಿಯೇಬಿಟ್ಟರು. ಆತ ಹುಣಸಗಿಗೆ ಹೊರಟ ಗೊಬ್ಬರದ ಅಂಗಡಿಯವನು. ಹಾರ ವಾಪಸು ಕೊಡಲೂ ಇಲ್ಲ.

ಎರಡು ತಾಸು ಬಿಸಿಲುಂಡು ಮನೆಗೆ ಬಂದರೆ ಅಡುಗೆಮನೆಯಿಂದ ಜೋರು ನಗು. ಇಣುಕಿ ನೋಡಿದರು. ಯಾರೋ ಹೆಣ್ಣುಮಗಳು ಬೆನ್ನು ತಿರುಗಿಸಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಿ ತಾನು ಗೋಗಿಯ ಮಕ್ಕಳಿಗೆ ಹೇಳುವ ಹಾಗೆಯೇ ಹೇಳಿಕೊಡುತ್ತಿದ್ದಳು: “ಪ್ಯಾಟ್ ಇಟ್, ಪ್ಯಾಟ್ ಇಟ್. ಟರ್ನ್ ಇಟ್. ನಾಟ್ ಸೋ ಹಾರ್ಡ್, ಮೇಡಂ!” ಗೋಗಿ ಶಾಲೆಯ ಹೊಸ ಟೀಚರಿರಬೇಕು ಎಂದುಕೊಂಡ ಮಾಸ್ತರು ಪಡಸಾಲೆಯ ಮಂಚದ ಮೇಲೆ ಪೇಟ ಒಗೆದು, ಒಳಗೆ ಕೇಳಲೆಂದೇ ದನಿ ಎತ್ತರಿಸಿದರು.

“ಬರಲಿಲ್ಲಾ ನಿನ್ನ ‘ದೇ’! ಒಬ್ಬಾತಗ ದೇ ಅನ್ನೋ ಆಫೀಸಿನವರಿಗೆ ದಿನ ಯಾವುದು, ವಾರ ಯಾವುದು ಏನು ಗೊತ್ತಾಗ್ತದ? ಆ ಪತ್ರ ಬರದಾಂವನ್ನ ತಂದು ನನ್ನ ಎಂಟನೇ ಕ್ಲಾಸಿನ್ಯಾಗ ಕುಂದರ್ಸ್ರಿ, ಕಿವಿ ಹಿಂಡಿ ಕಲಸ್ತೀನಿ!”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬಸ್ಸಿನಿಂದ ಮೊದಲು ಇಳಿದಿದ್ದ ಆ ಕಾಟನ್ ಸೀರೆಯೇ ಹಿಟ್ಟಿನ ಕೈ ಮುಗಿದು ಬಾಗಿಲಿಗೆ ಬಂತು.

“ನಾ ಸಾವಿತ್ರಿಬಾಯಿ, ತರಬೇತಿ ಕೇಂದ್ರದಾಕಿ. ಪತ್ರ ನಾನ ಬರ್ದಿದ್ದು, ಸರ್. ಯಾರನ್ನ ಕಳಸ್ತಾರಂತ ಅವತ್ತು ತೀರ್ಮಾನ ಆಗಿರಲಿಲ್ಲ. ಯಾರು ಬಂದ್ರೂ ನಡೀಲಿ ಅಂತ ಹಂಗ ಬರದೆ.”

ಮಾಸ್ತರು ಕೈಗೆ ಸಿಕ್ಕ ಪೇಟವನ್ನೇ ಮುಂದೆ ಹಿಡಿದರು. ಕಸ್ತೂರಿ ಅದನ್ನು ಮೆಲ್ಲಗೆ ಕಸಿದು ಬದಿಗಿಟ್ಟು, ಅತಿಥಿಗೆ ಕೈ ತೊಳೆಯಲು ನೀರು ಕೊಟ್ಟು, ಖಣ, ತೆಂಗಿನಕಾಯಿ, ಅಕ್ಕಿ ತಂದು ಉಡಿ ತುಂಬಿದಳು. ಸಾವಿತ್ರಿಬಾಯಿ ಎಣ್ಣೆ ಬದನೆಕಾಯಿಗೆ ತಾನೇ ಬಡಿದ ಸೊಟ್ಟ ರೊಟ್ಟಿ ಹಚ್ಚಿ ಉಂಡಳು. ಹೋಗುವಾಗ ಮಾಸ್ತರಿಗೆ ಬಹಳ ಗೌರವದಿಂದ ನಮಸ್ಕಾರ ಹೇಳಿದಳು. ಆ ಗೌರವ ನೋಡಿಯೇ ಹುದ್ದೆ ಕೈತಪ್ಪಿತೆಂದು ಮಾಸ್ತರಿಗೆ ಗೊತ್ತಾಯಿತು.

ಆದೇಶ ಹದಿನೈದು ದಿನಕ್ಕೆ ಬಂತು. ತಾಲ್ಲೂಕಿನ ಇಂಗ್ಲಿಷ್ ತರಬೇತುದಾರರು: ಕಸ್ತೂರಿ, ಪ್ರಾಥಮಿಕ ಶಾಲೆ, ಗೋಗಿ. ಉಳಿದ ಶಿಕ್ಷಕರೆಲ್ಲ ಕಡ್ಡಾಯವಾಗಿ ಹಾಜರಿರತಕ್ಕದ್ದು. ಮಾಸ್ತರು ಬೆನ್ನುನೋವು ಎಂದು ರಜೆಯ ಅರ್ಜಿ ಬರೆದರು. ಹೆಡ್‌ಮಾಸ್ತರು ಅದನ್ನು ಓದದೆಯೇ ಹರಿದರು.

ಮೊದಲ ತರಗತಿ. ನಲವತ್ತು ಮಂದಿ ಶಿಕ್ಷಕರು, ಕಸ್ತೂರಿ ಹಾಜರಿ ಕರೆಯುತ್ತಿದ್ದಾಳೆ. “ಬಾಷುಮಿಯಾ?” “ಎಸ್ ಮೇಡಂ.” “ಚಂದಮ್ಮ?” “ಎಸ್ ಮೇಡಂ.” ಮೂರನೆಯ ಹೆಸರಿಗೆ ಬಂದವಳು ಗಪ್ಪನೆ ನಿಂತಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಗಂಡನ ಹೆಸರು ಆಕೆಯ ಬಾಯಿಗೆ ಬಂದದ್ದಿಲ್ಲ, ನಾಲ್ಕು ಮಂದಿಯಲ್ಲಂತೂ ಬರುವ ಮಾತೇ ಇಲ್ಲ.

“ಪದ್ಯದಾಗ ಹೆಸರು ಸೇರ್ಸಿ ಒಡಪು ಹಾಕಿ ಹೇಳ್ರಿ, ಮೇಡಂ!” ಎಂದರು ಹಿಂದಿನಿಂದ ಯಾರೋ.

ಕಸ್ತೂರಿ ಸೆರಗು ಸರಿಮಾಡಿಕೊಂಡಳು. ಗಂಡ ಕುಳಿತ ಬೆಂಚನ್ನು ಬಿಟ್ಟು ಉಳಿದೆಲ್ಲ ಕಡೆ ನೋಡುತ್ತ, “ದೇ ಆರ್ ಪ್ರೆಸೆಂಟ್,” ಎಂದು ಗುರುತು ಹಾಕಿದಳು.

ಮೂವತ್ತೊಂಬತ್ತು ತಲೆ ಒಮ್ಮೆಲೇ ಮಾಸ್ತರ ಕಡೆ ತಿರುಗಿದವು. ತಪ್ಪು ತೋರಿಸಲು ಮಾಸ್ತರು ಎದ್ದೇನೋ ನಿಂತರು. ಹೆಂಡತಿ ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕಾಯುತ್ತಿದ್ದಳು.

“ಎಸ್ ಮೇಡಂ,” ಎಂದು ಕುಳಿತರು.