ನೋಟ್ಸಿಗೇರಿದ ಅತ್ತೆ

ಭಾರತೀನಗರದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವವನಿಗೆ ನಗುವುದಕ್ಕೆ ಬೇರೆ ಟೀವಿ ಬೇಕಿಲ್ಲ. ವಿಶೇಷಣ, ಕ್ರಿಯಾವಿಶೇಷಣ ಅಂದರೆ ಎಲ್ಲರೂ ಆಕಳಿಸುತ್ತಾರೆಂದು, "ನಿಮ್ಮ ಬದುಕಿನಿಂದಲೇ ಉದಾಹರಣೆ ಹುಡುಕೋಣ" ಎಂದೆ. ಕೈಯಾರೆ ಮಾಡಿಕೊಂಡ ಎಡವಟ್ಟು ಅದು.

೧. ತಡ

ಲೇಟ್ ಅಂದರೆ ತಡ, ಲೇಟ್ಲಿ ಅಂದರೆ ಇತ್ತೀಚೆಗೆ. "ದಿ ಬಸ್ ಕೇಮ್ ಲೇಟ್" ಎಂದು ಬೋರ್ಡಿನಲ್ಲಿ ಬರೆದೆ. ಮಳವಳ್ಳಿ ರೂಟಿನ ಖಾಸಗಿ ಬಸ್ಸಿನ ಕಂಡಕ್ಟರ್ ಎದ್ದು ನಿಂತ.

"ಅಳ್ಸಿ ಸಾ. ಕಿಟಕಿಯಿಂದ ರೋಡಿಗೆ ಕಾಣ್ತದೆ."

"ನಿಮ್ಮ ಬಸ್ಸು ಅಂತ ಬರೆದಿಲ್ವಲ್ಲ?"

"ಬರೀಬೇಕಾ ಸಾ? ಊರಿಗೇ ಗೊತ್ತು!"

೨. ಅಣ್ಣತಮ್ಮ

ಗುಡ್, ವೆಲ್ ಪಾಠದ ದಿನ ಕಬ್ಬು ಬೆಳೆಯುವ ಅಣ್ಣತಮ್ಮಂದಿರು ಪಕ್ಕಪಕ್ಕ ಕೂತಿದ್ದರು. ತಮ್ಮ ಎದ್ದ: "ಮೈ ಬ್ರದರ್ ಈಸ್ ಗುಡ್. ಬಟ್ ಹಿ ಡಸ್ ನಾಟ್ ವರ್ಕ್ ವೆಲ್." ಒಂದೂ ತಪ್ಪಿಲ್ಲ! ಖುಷಿಯಿಂದ ಚಪ್ಪಾಳೆ ತಟ್ಟಿದೆ.

"ಯಾಕ್ಲಾ? ಗದ್ದೆಗೆ ನೀರು ಕಟ್ಟೋನು ಯಾರ್ಲಾ?" ಎಂದ ಅಣ್ಣ.

ಮುಂದಿನ ಅರ್ಧ ಗಂಟೆ ಅಪ್ಪಟ ಕನ್ನಡ. ನಾನು ಮೇಷ್ಟ್ರ ಕೆಲಸ ಬಿಟ್ಟು ಪಂಚಾಯ್ತಿ ಮಾಡಿದೆ.

೩. ಅತ್ತೆ

ಹನಕೆರೆಯಿಂದ ಬರುತ್ತಿದ್ದ ಸೊಸೆಯೊಬ್ಬಳಿಗೆ ಸೋಮವಾರ ಕಾನ್ವೆಂಟಿನಲ್ಲಿ ಟೀಚರ್ ಕೆಲಸದ ಸಂದರ್ಶನ. ಅತ್ತೆ ಇನ್ನೂ ಹೂಂ ಅಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ತಾಯಿ ನೋಟ್ಸಿನಲ್ಲಿ ಬರೆದದ್ದು: "ಐ ವರ್ಕ್ ಹಾರ್ಡ್. ಮೈ ಮದರ್ ಇನ್ ಲಾ ಹಾರ್ಡ್ಲಿ ವರ್ಕ್ಸ್." ನಾನೋ, ಕೆಂಪು ಶಾಯಿಯಲ್ಲಿ "ವೆರಿ ಗುಡ್" ಎಂದು ಬರೆದು ಸಹಿ ಹಾಕಿಬಿಟ್ಟೆ.

ನಾದಿನಿ ಅದನ್ನು ಅತ್ತೆಗೆ ಓದಿ, ಅರ್ಥವನ್ನೂ ಬಿಡಿಸಿದಳಂತೆ: ಸೊಸೆ ಮೈಮುರಿದು ದುಡಿಯುತ್ತಾಳೆ, ಅತ್ತೆ ಈ ಕಡೆಯ ಕಡ್ಡಿ ತೆಗೆದು ಆ ಕಡೆ ಇಡಲ್ಲ.

ಮರುದಿನ ನೋಟ್ಸು ಹಿಡಿದು ಅತ್ತೆಯೇ ಕ್ಲಾಸಿಗೆ ಬಂದರು. ಸೊಸೆ ಕೊನೆಯ ಬೆಂಚಿಗೆ ಸರಿದಳು. ನಾನು ಕೆಂಪು ಪೆನ್ನನ್ನು ಜೇಬಿಗಿಳಿಸಿದೆ.

"ಸಯಿ ಮಾಡ್ದೋರು ನೀವೇಯಾ?"

"ಅದು... ಬರೀ ವ್ಯಾಕರಣಕ್ಕಮ್ಮ..."

"ಮೂವತ್ತು ವರ್ಸ ಸಗಣಿ ಬಾಚಿವ್ನಿ. ಈಗ ಸೊಸೆ ಕೈಲಿ ಕೂತ್ಕಂಡು ಉಣ್ತಾ ಇವ್ನಿ ಅಂದ್ರೆ ನಮ್ ವಾರಗಿತ್ತಿ ನಂಬಾಕಿಲ್ಲ ಅಂತಾಳೆ. ಇದ್ಕೊಂದು ಸೀಲು ಒತ್ತಿ ಕೊಡಿ, ಅವಳ್ ಮಕುಕ್ಕೆ ಇಡಿತೀನಿ!"

ಉಸಿರು ಬಂತು. ಸೀಲು ಒತ್ತುತ್ತಾ ಕೇಳಿದೆ, "ಮತ್ತೆ ಸೋಮವಾರ, ಸೊಸೆ...?"

"ಓಗ್ಲಿ ಬುಡಿ, ಕೆಲ್ಸ ಸಿಕ್ಲಿ," ಎಂದರು. ಬಾಗಿಲ ತನಕ ಹೋದವರು ತಿರುಗಿ ಬಂದು ಪಿಸುಗುಟ್ಟಿದರು:

"ಅವ್ಳು ಕೆಲ್ಸಕ್ಕೋದ್ರೆ ಮನೆ ಕಸಮುಸುರೆ ಮತ್ತೆ ನಂದೇಯ. ಅದ್ನ ಮಾತ್ರ ಇಂಗ್ಲಿಸಲ್ಲಿ ಬರೀಬ್ಯಾಡಿ!"