ಜೋಡಿ ಸೀನು

ಟ್ರಂಕಿನಿಂದ ಮಂಕಿ ಕ್ಯಾಪು ಹೊರಗೆ ಬಂದದ್ದೇ ಅಂದಿನ ಎಲ್ಲ ರಾದ್ಧಾಂತಕ್ಕೂ ಮೂಲ.

ಹನುಮಂತನಗರದ ಸೇತುರಾಮರಿಗೆ ಅರವತ್ತೆಂಟು ವರ್ಷ. ಮೊಮ್ಮಗಳು ತನ್ಮಯಿಯ ಶಾಲೆಯವರು ಕನಕಪುರದಾಚೆಯ ಗುಡ್ಡದಲ್ಲಿ ಟೆಂಟು ಹಾಕಿ ನಕ್ಷತ್ರ ತೋರಿಸುತ್ತಾರಂತೆ. ಪ್ರತಿ ಮಗುವಿನ ಜೊತೆಗೂ ಮನೆಯ ಹಿರಿಯರೊಬ್ಬರು ಬರಬೇಕಂತೆ. "ತಾತ, ನೀನೇ ಬಾ," ಎಂದಿದ್ದಳು ಅವಳು. ಮನೆಯ ತಾರಸಿಯಿಂದ ಬೀದಿದೀಪ ಬಿಟ್ಟು ಬೇರೇನೂ ಕಾಣದ ಸೇತುರಾಮರಿಗೆ ಆಕಾಶಗಂಗೆಯನ್ನು ಒಮ್ಮೆಯಾದರೂ ಕಣ್ತುಂಬ ನೋಡುವ ಆಸೆ. ಹದಿನೈದು ದಿನದಿಂದ ಅವರು ಮೊಮ್ಮಗಳಿಗಿಂತ ಚಿಕ್ಕ ಮಗುವಾಗಿದ್ದರು.

ಹೆಂಡತಿ ಚೂಡಾಮಣಿಯದು ಒಂದೇ ಷರತ್ತು. "ಡಿಸೆಂಬರ್ ಚಳಿ ಕಣ್ರೀ. ಹೊರಡೋದ್ರೊಳಗೆ ನೆಗಡಿ ಲಕ್ಷಣ ಕಂಡ್ರೆ ಕ್ಯಾಂಪೂ ಇಲ್ಲ, ಗೀಂಪೂ ಇಲ್ಲ."

ಹೊರಡುವ ದಿನ ಬೆಳಿಗ್ಗೆ ಆಕೆಯೇ, ಕಾಶಿಯಾತ್ರೆಯ ನಂತರ ಯಾರೂ ಮುಟ್ಟದ ಮಂಕಿ ಕ್ಯಾಪನ್ನು ತಂದು ಗಂಡನ ತಲೆಗೆ ತೊಡಿಸಿದರು. ನುಸಿಗುಳಿಗೆಯ ಘಾಟು ಸೀದಾ ಮೂಗಿಗೆ ಹತ್ತಿತು. ಸೇತುರಾಮರು ಬಚ್ಚಲಿಗೆ ಓಡಿ, ನಲ್ಲಿ ಜೋರಾಗಿ ಬಿಟ್ಟು, ಬರುತ್ತಿದ್ದ ಸೀನನ್ನು ತಡೆಯಲು ಮೂಗು ಹಿಡಿದು ನಿಂತರು. ನಿಜ ಹೇಳಬಹುದಿತ್ತು. ಆದರೆ ನಲವತ್ತು ವರ್ಷದಲ್ಲಿ ಅವರು ಕೊಟ್ಟ ಕಾರಣ ಒಂದನ್ನೂ ಚೂಡಾಮಣಿ ನಂಬಿದ್ದಿಲ್ಲ.

ಅಷ್ಟರಲ್ಲಿ ಮಹಡಿ ಮನೆಯ ಬಸಪ್ಪ ಗೋಣಿಚೀಲ ಹಿಡಿದು ಬಂದರು. "ಚಳಿ ಮೇಲಿಂದ ಬರಲ್ಲ ಸಾರ್, ನೆಲದಿಂದ ಬರತ್ತೆ. ಇದನ್ನ ಹಾಸ್ಕೊಳ್ಳಿ. ಶರ್ಟೊಳಗೆ ನ್ಯೂಸ್‌ಪೇಪರ್ ಇಟ್ಕೊಳ್ಳಿ." ಪಕ್ಕದ ಮನೆಯ ಕಮಲಾದೇವಿ ಉಣ್ಣೆ ರಗ್ಗನ್ನೂ ಮೆಣಸಿನ ಕಷಾಯವನ್ನೂ ತಂದರು. ಮಧ್ಯಾಹ್ನದ ಹೊತ್ತಿಗೆ ಸೇತುರಾಮರು ಹೆಜ್ಜೆಯಿಟ್ಟರೆ ಹಳೇ ಪೇಪರ್ ಅಂಗಡಿಯಂತೆ ಸದ್ದಾಗುತ್ತಿತ್ತು. ಸೀನು ಮಾತ್ರ ಮೂಗಿನ ತುದಿಯಲ್ಲೇ ಕಾದು ಕುಳಿತಿತ್ತು.

ನಾಲ್ಕು ಗಂಟೆಗೆ ಬೀದಿಯ ತುದಿಯಲ್ಲಿ ಶಾಲೆಯ ಬಸ್ಸು ಹಾರ್ನ್ ಮಾಡಿತು. ಸೇತುರಾಮರು ಹೊಸಿಲು ದಾಟಿದರು. ರಗ್ಗು ಕೊಡವುತ್ತಿದ್ದ ಬಸಪ್ಪ ಆಗಲೇ ಸೀನಿದರು. ಒಂದೇ ಒಂದು ಸಲ.

"ಅಯ್ಯೋ, ಒಂಟಿ ಸೀನು! ಅಪಶಕುನ! ಹೊರಡ್ಬೇಡಿ!" ಎಂದರು ಕಮಲಾದೇವಿ.

"ಇನ್ನೊಂದು ಸೀನ್ಬಿಡಿ ಬಸಪ್ಪನೋರೆ. ಜೋಡಿ ಆದ್ರೆ ದೋಷ ಇಲ್ಲ," ಎಂದರು ಚೂಡಾಮಣಿ.

ಬಸಪ್ಪ ಸೂರ್ಯನನ್ನು ದಿಟ್ಟಿಸಿದರು, ಕರವಸ್ತ್ರದ ತುದಿಯನ್ನು ಹೊಸೆದು ಮೂಗಿಗೆ ತೂರಿಸಿದರು. ಸೀನು ಬರಲಿಲ್ಲ.

"ತಾತ, ಬಸ್ ಹೋಗ್ಬಿಡತ್ತೆ!" ತನ್ಮಯಿಯ ಕಣ್ಣಲ್ಲಿ ನೀರು.

ಸೇತುರಾಮರು ಮೊಮ್ಮಗಳ ಮುಖ ನೋಡಿದರು. "ಜೋಡಿ ತಾನೆ ಬೇಕಾಗಿರೋದು? ನಾನು ಸೀನ್ತೀನಿ," ಎಂದವರೇ ಬೆಳಗಿನಿಂದ ಕಟ್ಟಿಹಾಕಿದ್ದನ್ನು ಬಿಟ್ಟರು.

"ಜೋಡಿ ಆಯ್ತು!" ತನ್ಮಯಿ ಚಪ್ಪಾಳೆ ತಟ್ಟಿದಳು.

ಆದರೆ ಹಿಂದೆಯೇ ಇನ್ನೊಂದು ಬಂತು. ಮತ್ತೊಂದು, ಮಗದೊಂದು. ಒಂಬತ್ತನೆಯದಕ್ಕೆ ಶರ್ಟಿನೊಳಗಿನ ಪೇಪರೂ ಹೊರಬಿತ್ತು.

"ನೆಗಡಿ," ಎಂದರು ಚೂಡಾಮಣಿ.

"ನುಸಿಗುಳಿಗೆ ಕಣೇ!"

"ಒಳಗೆ ನಡೀರಿ."

ಮಗುವಿಗೆ ನಿರಾಸೆಯಾಗಬಾರದಲ್ಲ. ಚೂಡಾಮಣಿ ಗಂಡನ ತಲೆಯ ಕ್ಯಾಪು ಕಿತ್ತು ತಾವೇ ಹಾಕಿಕೊಂಡು, ರಗ್ಗು ಗೋಣಿಚೀಲಗಳನ್ನು ಕಂಕುಳಲ್ಲಿ ಇರುಕಿ, ಮೊಮ್ಮಗಳ ಕೈ ಹಿಡಿದರು. "ಎಲ್ಲಾ ನೋಡ್ಕೊಂಡು ಬಂದು ಹೇಳ್ತೀನಿ. ನೀವು ಕಷಾಯ ಕುಡ್ದು ಬೆಚ್ಚಗೆ ಮಲಗಿ." ದನಿಯಲ್ಲಿ ನಿಜವಾದ ಕಕ್ಕುಲಾತಿಯಿತ್ತು. ಅದಕ್ಕೇ ಸೇತುರಾಮರಿಗೆ ಜಗಳವಾಡಲೂ ಆಗಲಿಲ್ಲ.

ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಮಂಕಿ ಕ್ಯಾಪು ಕಂಡಿತು. ಅದರೊಳಗಿನಿಂದ ಒಂದು ಸೀನು ಸಿಡಿಯಿತು, ಹಿಂದೆಯೇ ಇನ್ನೊಂದು.

"ಕೇಳಿದ್ರಾ? ಅವಳಿಗೂ ಬಂತು! ನಿಲ್ಸಿ, ಬಸ್ ನಿಲ್ಸಿ!" ಎಂದು ಸೇತುರಾಮರು ಗೇಟಿನಾಚೆ ಓಡಿದರು.

ಬಸಪ್ಪ ಅವರ ಹೆಗಲ ಮೇಲೆ ಕೈಯಿಟ್ಟರು. "ಗಾಬರಿ ಆಗ್ಬೇಡಿ ಸಾರ್. ಜೋಡಿ ಸೀನು. ಸುಖವಾಗಿ ಹೋಗಿ ಬರ್ತಾರೆ."